ರಾತ್ರಿ ಮನೆಯಲ್ಲಿ ಮರುಕಳಿಸುವ ಸದ್ದು: ‘ಎಲ್ಲಿಂದ’ ಎನ್ನುವ ಮೊದಲು ‘ಯಾವಾಗ’ ಎಂದು ಕೇಳಬೇಕು

ಮಲೆನಾಡಿನ ಮನೆಗಳಲ್ಲಿ ರಾತ್ರಿ ಹೊತ್ತು ಒಂದೇ ಬಗೆಯ ಸದ್ದು ಮತ್ತೆ ಮತ್ತೆ ಕೇಳಿಸುವುದು ಅಪರೂಪವಲ್ಲ. ಅಟ್ಟದ ಮೇಲೆ ಯಾರೋ ಬಡಿದಂತೆ ‘ಠಕ್’ ಎನ್ನುತ್ತದೆ, ಗೋಡೆಯ ಹಿಂದೆ ಏನೋ ಕೆರೆದಂತಾಗುತ್ತದೆ, ಬಚ್ಚಲುಮನೆಯ ಕಡೆಯಿಂದ ಗೊಳಗೊಳ ಎಂದು ಕೇಳಿಸುತ್ತದೆ. ಎದ್ದು ದೀಪ ಹಾಕಿದರೆ ಏನೂ ಕಾಣುವುದಿಲ್ಲ. ಮಲಗಿದ ಮೇಲೆ ಮತ್ತೆ ಶುರುವಾಗುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೀರ್ಥಹಳ್ಳಿ ಅಥವಾ ಹೊಸನಗರದ ಕಡೆಯ ದೊಡ್ಡ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವಾಗ ಇಂತಹ ಸದ್ದು ನಿದ್ದೆಯನ್ನಷ್ಟೇ ಅಲ್ಲ, ನೆಮ್ಮದಿಯನ್ನೂ ಕಸಿಯುತ್ತದೆ. ಭೂತಕ್ಕೋ ಚೌಡಿಗೋ ಹರಕೆ ಹೇಳಿಕೊಂಡು ಸಮಾಧಾನ ಪಡುವವರಿದ್ದಾರೆ, ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕಾರಣ ತಿಳಿಯದ ಸದ್ದಿನ ಭಯ ನಿಜವಾದ ಭಯ. ಆದರೆ ಕ್ರಮವಾಗಿ ಹುಡುಕಿದರೆ ಇಂತಹ ಸದ್ದುಗಳಲ್ಲಿ ಬಹುಪಾಲಿನ ಮೂಲ ಸಿಕ್ಕೇ ಸಿಗುತ್ತದೆ. ಹುಡುಕುವವರು ಸಾಮಾನ್ಯವಾಗಿ ಸದ್ದು ಬಂದ ದಿಕ್ಕಿಗೆ ಟಾರ್ಚು ಹಿಡಿದು ಹೋಗುತ್ತಾರೆ, ಮತ್ತು ಹುಡುಕಾಟ ಕೈಗೂಡದಿರುವುದು ಅಲ್ಲಿಯೇ. ಮನೆಯೊಳಗೆ ಸದ್ದಿನ ಜಾಗವನ್ನು ಹೇಳುವುದರಲ್ಲಿ ನಮ್ಮ ಕಿವಿ ದುರ್ಬಲ. ಅದು ಯಾವ ಹೊತ್ತಿಗೆ, ಯಾವ ಹವೆಯಲ್ಲಿ, ಎಷ್ಟು ಅಂತರದಲ್ಲಿ ಮರುಕಳಿಸುತ್ತದೆ ಎಂಬುದು ಮಾತ್ರ ಸುಳ್ಳು ಹೇಳುವುದಿಲ್ಲ.

ಕಿವಿ ಸೋಲುವುದಕ್ಕೆ ಕಾರಣವಿದೆ. ಎಡಬದಿಯಿಂದ ಬಂದ ಸದ್ದು ಎಡಗಿವಿಯನ್ನು ಬಲಗಿವಿಗಿಂತ ತುಸು ಮೊದಲು ತಲುಪುತ್ತದೆ. ಈ ವ್ಯತ್ಯಾಸ ಹೆಚ್ಚೆಂದರೆ ಸುಮಾರು 0.6ರಿಂದ 0.7 ಮಿಲಿಸೆಕೆಂಡು. ಮಿದುಳು ದಿಕ್ಕನ್ನು ಗುರುತಿಸುವುದು ಇಷ್ಟು ಸಣ್ಣ ಅಂತರದಿಂದ ಮತ್ತು ತಲೆಯ ಅಡ್ಡದಿಂದಾಗಿ ಒಂದು ಕಿವಿಗೆ ಸದ್ದು ಸ್ವಲ್ಪ ಕಡಿಮೆ ಕೇಳಿಸುವುದರಿಂದ. ನೇರ ಮುಂದಿನ, ಹಿಂದಿನ ಅಥವಾ ಮೇಲಿನ ಸದ್ದು ಎರಡೂ ಕಿವಿಗಳನ್ನು ಒಟ್ಟಿಗೇ ತಲುಪುವುದರಿಂದ ಅಲ್ಲಿ ಗುರುತು ಮಸುಕಾಗುತ್ತದೆ, ಒಂದು ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದವರಿಗಂತೂ ಈ ಲೆಕ್ಕವೇ ಇಲ್ಲವಾಗುತ್ತದೆ. ಇದರ ಮೇಲೆ ಮನೆಯ ರಚನೆಯೂ ದಾರಿ ತಪ್ಪಿಸುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರಾದರೆ, ಕಬ್ಬಿಣದ ಕೊಳವೆಯಲ್ಲಿ ಅದು ಸುಮಾರು 5,000 ಮೀಟರು. ಮರದ ತೊಲೆಯ ಉದ್ದಕ್ಕೂ ಗಾಳಿಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಸಾಗುತ್ತದೆ. ತೊಲೆಯ ಒಂದು ತುದಿಗೆ ಬಿದ್ದ ಸಣ್ಣ ಏಟು ಇನ್ನೊಂದು ತುದಿಯ ಅಗಲವಾದ ಹಲಗೆಯ ಮುಚ್ಚಿಗೆಗೆ ತಲುಪಿ ಅಲ್ಲಿ ದೊಡ್ಡದಾಗಿ ಕೇಳಿಸುತ್ತದೆ. ತಂಬೂರಿಯಲ್ಲಿ ಮೀಟುವುದು ತಂತಿಯನ್ನಾದರೂ ನಾದ ತುಂಬಿ ಹೊಮ್ಮುವುದು ಬುರುಡೆಯಿಂದ. ಮನೆಯಲ್ಲಿಯೂ ನಮಗೆ ಕೇಳಿಸುವುದು ಬುರುಡೆಯೇ ಹೊರತು ತಂತಿಯಲ್ಲ. ತಗ್ಗು ಸ್ವರದ ಸದ್ದಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದಾಗ ದೂರದೂರದ ಊರುಗಳ ಜನ ಭೂಕಂಪವೆಂದೇ ತಿಳಿದು ಮನೆಯಿಂದ ಹೊರಗೆ ಬಂದಿದ್ದರು. ಕಿಟಕಿ ಬಾಗಿಲುಗಳು ಅದುರಿದ್ದು ತಮ್ಮ ಮನೆಯಲ್ಲಾದ್ದರಿಂದ ಮೂಲ ಎಷ್ಟು ದೂರವೆಂದು ಊಹಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಹಗಲಿಡೀ ಇಲ್ಲದ ಸದ್ದು ರಾತ್ರಿಯೇ ಏಕೆ ಎಂಬ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರಗಳಿವೆ, ಅವುಗಳನ್ನು ಬೆರೆಸಬಾರದು. ಕೆಲವು ಸದ್ದುಗಳು ಹಗಲೂ ಇರುತ್ತವೆ. ಮಾತು, ಮಿಕ್ಸಿ, ವಾಹನಗಳ ನಡುವೆ ಮುಚ್ಚಿಹೋಗಿರುತ್ತವೆ ಅಷ್ಟೆ. ಮಳೆಗಾಲದಲ್ಲಿ ಜೀರುಂಡೆ, ಕಪ್ಪೆಗಳ ಕೂಗೇ ಎಲ್ಲವನ್ನೂ ಮುಚ್ಚುತ್ತದೆ. ಚಳಿಗೆ ಜೀರುಂಡೆಗಳ ದನಿ ಕುಗ್ಗುವುದರಿಂದ ಪುಷ್ಯ ಮಾಘದ ರಾತ್ರಿಗಳಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಿರುತ್ತದೆ. ಜೊತೆಗೆ, ಅಂತಹ ರಾತ್ರಿ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ನೆಲೆಸಿ ಅದರ ಮೇಲೆ ಬೆಚ್ಚನೆಯ ಗಾಳಿ ಉಳಿಯುವುದರಿಂದ, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದತ್ತ ಬರುತ್ತದೆ. ಹಗಲು ಕೇಳದ ತಾಳಗುಪ್ಪ ರೈಲಿನ ಕೂಗು ಸಾಗರದ ಸುತ್ತಲಿನ ಹಳ್ಳಿಗಳಿಗೆ ರಾತ್ರಿ ಸ್ಪಷ್ಟವಾಗಿ ಕೇಳುವುದಕ್ಕೆ ಇದೇ ಕಾರಣ. ಇನ್ನು ಕೆಲವು ಸದ್ದುಗಳು ರಾತ್ರಿಯಲ್ಲಿಯೇ ಹುಟ್ಟುತ್ತವೆ, ಏಕೆಂದರೆ ಅವುಗಳನ್ನು ಹುಟ್ಟಿಸುವ ತಂಪು, ನೀರಿನ ಒತ್ತಡ, ವಿದ್ಯುತ್ತಿನ ವೋಲ್ಟೇಜು ಅಥವಾ ಪ್ರಾಣಿಯ ಓಡಾಟ ರಾತ್ರಿಯದು.

ಆದ್ದರಿಂದ ಮೊದಲು ಬೇಕಾದದ್ದು ಟಾರ್ಚಲ್ಲ, ಒಂದು ನೋಟುಪುಸ್ತಕ. ಸದ್ದು ಕೇಳಿದ ಗಂಟೆ, ಎಷ್ಟು ನಿಮಿಷಕ್ಕೊಮ್ಮೆ ಬಂತು, ಆಕಾಶ ಶುಭ್ರವಿತ್ತೇ ಮೋಡವಿತ್ತೇ, ಕರೆಂಟ್ ಇತ್ತೇ, ಪಂಪು ಓಡುತ್ತಿತ್ತೇ, ನಡೆದು ಹತ್ತಿರ ಹೋದಾಗ ನಿಂತಿತೇ ಮುಂದುವರಿಯಿತೇ ಎಂಬುದನ್ನು ಬರೆಯಬೇಕು. ಸದ್ದು ಬಾರದ ರಾತ್ರಿಯನ್ನೂ ಬರೆಯಬೇಕು. ಇದನ್ನು ಬಹುತೇಕರು ಬಿಡುತ್ತಾರೆ, ಆದರೆ ಕಾರಣ ಬಯಲಾಗುವುದು ಆ ರಾತ್ರಿಗಳಿಂದಲೇ. ಏಳಲಾಗದವರು ಮೊಬೈಲಿನಲ್ಲಿ ರಾತ್ರಿಯಿಡೀ ಧ್ವನಿಮುದ್ರಣ ಮಾಡಿಟ್ಟು, ಬೆಳಿಗ್ಗೆ ಧ್ವನಿಯ ಅಲೆಯ ಚಿತ್ರದಲ್ಲಿ ಎದ್ದು ಕಾಣುವ ಮೊನೆಗಳ ಹೊತ್ತನ್ನು ಗುರುತಿಸಿಕೊಳ್ಳಬಹುದು.

ಈಗ ಒಂದು ಮನೆಯ ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳೋಣ: ಚಳಿಗಾಲದಲ್ಲಿ ಮಾತ್ರ, ಸಂಜೆ ಏಳರಿಂದ ಹತ್ತರ ಒಳಗೆ, ಮೊದಲು ಬೇಗಬೇಗ ಆಮೇಲೆ ವಿರಳವಾಗಿ ‘ಠಣ್’ ಎನ್ನುವ ಸದ್ದು, ಮೋಡವಿದ್ದ ರಾತ್ರಿ ಇಲ್ಲ, ಬೆಳಿಗ್ಗೆ ಬಿಸಿಲೇರಿದಾಗ ಮತ್ತೆ ಸ್ವಲ್ಪ. ಇದನ್ನು ಓದಿದೊಡನೆ ಅಂಗಳದ ಕಡೆಗೋ ಕೊಟ್ಟಿಗೆಗೋ ಹೊದಿಸಿರುವ ತಗಡಿನ ಶೀಟಿನತ್ತ ನೋಡಬೇಕು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ತಣಿದರೆ ಪ್ರತಿ ಮೀಟರಿಗೆ ಸುಮಾರು 0.012 ಮಿಲಿಮೀಟರು ಕುಗ್ಗುತ್ತದೆ. ಆರು ಮೀಟರ್ ಉದ್ದದ ಶೀಟು ಹಗಲಿನ ಬಿಸಿಲಿನಿಂದ ರಾತ್ರಿಯ ಚಳಿಗೆ 30 ಡಿಗ್ರಿ ಇಳಿದರೆ ಒಟ್ಟು ಕುಗ್ಗುವಿಕೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಲ್ಯೂಮಿನಿಯಂ ಶೀಟಾದರೆ ಹತ್ತಿರಹತ್ತಿರ ಅದರ ಎರಡರಷ್ಟು. ಎರಡು ಮಿಲಿಮೀಟರು ಅಲ್ಪವೆನಿಸಬಹುದು. ಆದರೆ ಸ್ಕ್ರೂ ಬಿಗಿದ ಕಡೆ ಶೀಟು ನಯವಾಗಿ ಜಾರುವುದಿಲ್ಲ. ಘರ್ಷಣೆ ಅದನ್ನು ಹಿಡಿದಿಡುತ್ತದೆ, ಒಳಗೆ ಸೆಳೆತ ಕೂಡುತ್ತಾ ಹೋಗುತ್ತದೆ, ಹಿಡಿತ ಮೀರಿದ ಕ್ಷಣ ಅದು ಒಮ್ಮೆಲೇ ಜಾರಿ ನಿಲ್ಲುತ್ತದೆ. ಪ್ರತಿಯೊಂದು ಜಾರುವಿಕೆ ಒಂದು ‘ಠಣ್’. ಶೀಟು ವೇಗವಾಗಿ ತಣಿಯುವಾಗ ಸದ್ದು ಬೇಗಬೇಗ ಬರುವುದು, ತಣಿಯುವ ವೇಗ ತಗ್ಗಿದಂತೆ ವಿರಳವಾಗುವುದು ಇದರಿಂದಲೇ. ಮೋಡದ ರಾತ್ರಿಯ ಮೌನಕ್ಕೂ ವಿವರಣೆ ಇಲ್ಲಿದೆ: ಶುಭ್ರ ಆಕಾಶದ ಕೆಳಗೆ ತಗಡು ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ (ಬೆಳಗಿನ ಜಾವ ಶೀಟಿನ ಮೇಲೆ ಇಬ್ಬನಿ ಹನಿಗಟ್ಟುವುದು ಅದರಿಂದಲೇ), ಮೋಡವಿದ್ದರೆ ಅದು ಶಾಖವನ್ನು ಮರಳಿ ಕಳಿಸುವುದರಿಂದ ತಗಡು ಅಷ್ಟು ಬೇಗ ತಣಿಯುವುದಿಲ್ಲ. ಸೋಲಾರ್ ನೀರಿನ ಕೊಳವೆಗಳು, ಬಚ್ಚಲೊಲೆ ಆರಿದ ಮೇಲಿನ ತಾಮ್ರದ ಹಂಡೆ ಇವೂ ಇದೇ ನಿಯಮಕ್ಕೆ ಒಳಪಟ್ಟವು.

ಮಂಗಳೂರು ಹೆಂಚಿನ ಮನೆಯಲ್ಲಿ ಕಥೆ ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಈ ಹೆಂಚುಗಳನ್ನು ಸಾಮಾನ್ಯವಾಗಿ ರೀಪಿನ ಮೇಲೆ ಒಂದಕ್ಕೊಂದು ಸಿಕ್ಕಿಸಿ ಕೂರಿಸುತ್ತಾರೆಯೇ ಹೊರತು ಬಿಗಿಯುವುದಿಲ್ಲ. ತಣಿದಾಗ ಅವು ಬಿಡಿಬಿಡಿಯಾಗಿ ಹೊಂದಿಕೊಳ್ಳುವುದರಿಂದ ದೊಡ್ಡ ಸದ್ದು ಬರುವುದು ಕಡಿಮೆ. ಅಲ್ಲಿ ಮಾತಾಡುವುದು ಮರ. ಮರವು ಬಿಸಿಗಿಂತ ಹೆಚ್ಚಾಗಿ ತೇವಕ್ಕೆ ಸ್ಪಂದಿಸುತ್ತದೆ, ಅದೂ ಉದ್ದಕ್ಕಲ್ಲ, ಅಡ್ಡಕ್ಕೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಕಡೆ, ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇಕಡಾ 90ರ ಸುತ್ತ ನಿಂತಾಗ ಒಳಗಿನ ಮರದ ತೇವಾಂಶ ಶೇಕಡಾ 20ರ ಸಮೀಪಕ್ಕೆ ಬರುತ್ತದೆ. ಒಣ ಹವೆಯಲ್ಲಿ ಶೇಕಡಾ 10ರ ಆಸುಪಾಸಿಗೆ ಇಳಿಯುತ್ತದೆ. ತೇವ ಶೇಕಡಾ ಒಂದು ಇಳಿದಾಗ ಸಾಮಾನ್ಯ ಹಲಗೆ ಅಡ್ಡಕ್ಕೆ ಸುಮಾರು ಶೇಕಡಾ 0.2ರಷ್ಟು ಕುಗ್ಗುತ್ತದೆ ಎಂದು ಹಿಡಿದರೆ, 25 ಸೆಂಟಿಮೀಟರ್ ಅಗಲದ ಮುಚ್ಚಿಗೆ ಹಲಗೆ ಒಂದು ಋತುವಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಕಿರಿದಾಗಬಹುದು. ಬೇಸಿಗೆಗೆ ಮುಚ್ಚಿಗೆಯ ಸಂದುಗಳಲ್ಲಿ ಬೆಳಕು ಕಾಣುವುದು, ಮಳೆಗಾಲದಲ್ಲಿ ಬಾಗಿಲು ಹಿಡಿಯುವುದು ಎಲ್ಲರೂ ಬಲ್ಲ ಸಂಗತಿ. ಅದೇ ಬದಲಾವಣೆ ಮೊಳೆ ಮತ್ತು ಕೀಲುಗಳಲ್ಲಿ ತಡೆದು ತಡೆದು ನಡೆದಾಗ ‘ಕಟ್’, ‘ಠಕ್’ ಎಂದು ಕೇಳಿಸುತ್ತದೆ. ಮಳೆ ಹಿಂದೆ ಸರಿದ ಮೇಲಿನ ತಿಂಗಳುಗಳಲ್ಲಿ ಇದು ಹೆಚ್ಚು. ದಪ್ಪ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಗೆ ಕೂತ ತೊಲೆಗಳು ಗೋಡೆಯ ಶಾಖದೊಡನೆ ನಿಧಾನವಾಗಿ ತಣಿಯುವುದರಿಂದ ಅವುಗಳ ಸದ್ದು ನಡುರಾತ್ರಿ ದಾಟಿದ ಮೇಲೂ ಬರಬಹುದು. ಅಡಿಕೆ ಬೆಳೆಗಾರರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ತಿಂಗಳುಗಟ್ಟಲೆ ಅಟ್ಟದ ಮೇಲಿದ್ದ ಮೂಟೆಗಳನ್ನು ಮಂಡಿಗೆ ಸಾಗಿಸಿದ ಮೇಲೆ ಬಾಗಿದ್ದ ತೊಲೆ ಒಂದೇ ದಿನಕ್ಕೆ ನೇರವಾಗುವುದಿಲ್ಲ. ಅದು ನಿಧಾನವಾಗಿ ಮೊದಲಿನ ಸ್ಥಿತಿಯತ್ತ ಮರಳುವಾಗಲೂ ಕೀಲುಗಳು ಸದ್ದು ಮಾಡಬಹುದು. ಮೂಟೆ ಸಾಗಿಸಿದ ದಿನಾಂಕ ಪುಸ್ತಕದಲ್ಲಿದ್ದರೆ ಈ ಸಂಬಂಧ ತಾನಾಗಿ ಕಾಣುತ್ತದೆ.

ಹವೆಗೂ ಋತುವಿಗೂ ಸಂಬಂಧವಿಲ್ಲದೆ ಗಡಿಯಾರದಂತೆ ಒಂದೇ ಅಂತರದಲ್ಲಿ ಬರುವ ಸದ್ದಾದರೆ ನೀರನ್ನೋ ಯಂತ್ರವನ್ನೋ ಅನುಮಾನಿಸಬೇಕು. ಕಮೋಡಿನ ಫ್ಲಶ್ ಟ್ಯಾಂಕಿನ ತಳದ ವಾಷರು ಸವೆದಿದ್ದರೆ ನೀರು ಕಾಣದಂತೆ ಸೋರುತ್ತದೆ. ಮಟ್ಟ ಸ್ವಲ್ಪ ಇಳಿದಾಗಲೆಲ್ಲ ವಾಲ್ವ್ ತೆರೆದು ‘ಸೊಂಯ್’ ಎಂದು ತುಂಬಿಕೊಂಡು ನಿಲ್ಲುತ್ತದೆ. ಟ್ಯಾಂಕಿಗೆ ಸ್ವಲ್ಪ ಅಡುಗೆಯ ಬಣ್ಣ ಹಾಕಿ, ಯಾರೂ ಬಳಸದೆ ಬಿಟ್ಟು, ಬೇಸಿನ್ನಿಗೆ ಬಣ್ಣ ಇಳಿಯುತ್ತದೆಯೇ ನೋಡಿದರೆ ತಿಳಿಯುತ್ತದೆ. ಮನೆಗೆ ಪ್ರೆಶರ್ ಪಂಪು ಇದ್ದರೆ, ಎಲ್ಲೋ ಒಂದು ನಲ್ಲಿಯ ಸೋರಿಕೆಯೇ ಅದನ್ನು ರಾತ್ರಿಯಿಡೀ ಕೆಲವು ನಿಮಿಷಗಳಿಗೊಮ್ಮೆ ಎಬ್ಬಿಸಲು ಸಾಕು. ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವು ಇನ್ನೇನು ಮುಚ್ಚುವ ಹಂತದಲ್ಲಿ, ನೀರಿನ ಅಲೆಗೆ ಚೆಂಡು ಮೇಲೆ ಕೆಳಗೆ ಆಡಿ, ಕೊಳವೆಯುದ್ದಕ್ಕೂ ಡೋಲು ಬಡಿದಂತೆ ಕೇಳಿಸುವುದುಂಟು. ಊರಿನ ನಲ್ಲಿಯಲ್ಲಿ ಬಳಕೆ ಕಡಿಮೆಯಾದ ರಾತ್ರಿಯಲ್ಲಿ ಒತ್ತಡ ಏರುವುದರಿಂದ ಇದು ಆಗಲೇ ಹೆಚ್ಚು.

ಹರಿಯುವ ನೀರನ್ನು ಥಟ್ಟನೆ ತಡೆದಾಗ ಕೊಳವೆಗೆ ಬೀಳುವ ಏಟಿನ ಲೆಕ್ಕವನ್ನು ರಷ್ಯಾದ ನಿಕೊಲಾಯ್ ಜುಕೊವ್‌ಸ್ಕಿ 1898ರಲ್ಲಿ ಪ್ರಕಟಿಸಿದರು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರು ಕಬ್ಬಿಣದ ಕೊಳವೆಯಲ್ಲಿ ಒಮ್ಮೆಲೇ ನಿಂತರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 12 ಕಿಲೋಗ್ರಾಂ ಹೆಚ್ಚುವರಿ ಒತ್ತಡ ಹುಟ್ಟುತ್ತದೆ. ಪಿವಿಸಿ ಕೊಳವೆ ಹಿಗ್ಗುವ ಗುಣವುಳ್ಳದ್ದಾದ್ದರಿಂದ ಅಲ್ಲಿ ಕಡಿಮೆ. ಜಲವಿದ್ಯುತ್ ಯೋಜನೆಗಳಲ್ಲಿ ಉದ್ದನೆಯ ನೀರಿನ ದಾರಿಗೆ ಸರ್ಜ್ ಟ್ಯಾಂಕ್ ಕಟ್ಟುವುದು ಇದೇ ಏಟನ್ನು ತಾಳಿಕೊಳ್ಳಲು. ಮನೆಯ ಮಟ್ಟದಲ್ಲಿ, ಗೋಡೆಗೆ ಸರಿಯಾಗಿ ಕ್ಲಾಂಪ್ ಹಾಕದ ಕೊಳವೆ ಆ ಏಟಿಗೆ ನೆಗೆದು ಗೋಡೆಗೆ ಬಡಿಯುತ್ತದೆ. ಗುಡ್ಡದಿಂದ ಪೈಪಿನಲ್ಲಿ ಅಬ್ಬಿ ನೀರು ತರುವ ಮನೆಗಳಲ್ಲಿ ಮಾತ್ರ ಲಕ್ಷಣ ಬೇರೆ: ಬೇಸಿಗೆಯಲ್ಲಿ ಒರತೆ ಸಣ್ಣದಾದಾಗ ನೀರಿನೊಡನೆ ಗಾಳಿಯೂ ಪೈಪು ಸೇರಿ, ಏರುತಗ್ಗಿನ ಜಾಗದಲ್ಲಿ ಸಿಕ್ಕಿಕೊಂಡು, ಬಿಟ್ಟು ಬಿಟ್ಟು ಗೊಳಗೊಳ ಎನ್ನುತ್ತಾ ಬರುತ್ತದೆ. ಗೇಟ್‌ವಾಲ್ವ್ ಅನ್ನು ಒಂದು ರಾತ್ರಿ ಪೂರ್ತಿ ಮುಚ್ಚಿಟ್ಟು ನೋಡುವುದು ನೀರಿನ ಸದ್ದಿಗೆ ನೇರ ಪರೀಕ್ಷೆ.

ವಿದ್ಯುತ್ತಿನ ಸದ್ದಿಗೂ ಅಂತಹದೇ ಪರೀಕ್ಷೆ ಇದೆ: ಮೇನ್ ಸ್ವಿಚ್ ಆರಿಸುವುದು. ಇನ್ವರ್ಟರನ್ನೂ ಆರಿಸಬೇಕು, ಇಲ್ಲವಾದರೆ ಪರೀಕ್ಷೆಗೆ ಅರ್ಥವಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಪ್ರತಿ ಆವರ್ತನಕ್ಕೆ ಎರಡು ಸಲ ಅತಿ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುವುದರಿಂದ ಅದರ ಗುಂಯ್‌ಗಾರ 100 ಹರ್ಟ್ಸ್‌ನದು. ಸದ್ದಿನಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ಚಿತ್ರದಲ್ಲಿ ತೋರಿಸುವ ಮೊಬೈಲಿನ ಸ್ಪೆಕ್ಟ್ರೋಗ್ರಾಂ ಆ್ಯಪಿನಲ್ಲಿ 100, 200, 300ರಲ್ಲಿ ನೇರ ಗೆರೆಗಳು ಕಂಡರೆ ಮೂಲ ಇನ್ವರ್ಟರೋ ಸ್ಟೆಬಿಲೈಸರೋ ರಸ್ತೆಯ ಟ್ರಾನ್ಸ್‌ಫಾರ್ಮರೋ ಆಗಿರುತ್ತದೆ. ತೋಟದ ಪಂಪುಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತನ್ನು ನಿಗದಿತ ಹೊತ್ತಿನಲ್ಲಿ, ಹಲವು ಬಾರಿ ರಾತ್ರಿಯೇ ಕೊಡುವುದರಿಂದ ಇನ್ನೊಂದು ಬಗೆಯ ಸದ್ದೂ ಹುಟ್ಟುತ್ತದೆ. ವಿದ್ಯುತ್ತು ಬಂದೊಡನೆ ಆಟೋ ಸ್ಟಾರ್ಟರುಗಳು ಒಂದರ ಹಿಂದೊಂದು ಪಂಪು ಎಬ್ಬಿಸುತ್ತವೆ, ವೋಲ್ಟೇಜು ತಗ್ಗುತ್ತದೆ, ಮನೆಯೊಳಗಿನ ಫ್ರಿಜ್ಜಿನ ಸ್ಟೆಬಿಲೈಸರು ಅದನ್ನು ಸರಿಪಡಿಸಲು ‘ಟಕ್’ ಎಂದು ರಿಲೇ ಬದಲಿಸುತ್ತದೆ. ಸದ್ದು ಅಡುಗೆಮನೆಯದು, ಕಾರಣ ಪಕ್ಕದ ತೋಟದ್ದು. ದಿಕ್ಕು ಹಿಡಿದು ಹುಡುಕಿದವರಿಗೆ ಇದು ಎಂದೂ ಸಿಗುವುದಿಲ್ಲ.

ಜೀವಿಗಳ ಸದ್ದಿಗೆ ಒಂದು ದೊಡ್ಡ ಗುರುತು ಇದೆ. ನಾವು ಹತ್ತಿರ ಹೋದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಶೀಟಿಗೂ ಕೊಳವೆಗೂ ಆ ಭಯವಿಲ್ಲ. ಕತ್ತಲಾದ ಸ್ವಲ್ಪ ಹೊತ್ತಿಗೆ ಒಮ್ಮೆ, ಬೆಳಗಿನ ಜಾವ ಇನ್ನೊಮ್ಮೆ ಅಟ್ಟದ ಮೇಲೆ ಭಾರವಾದ ಹೆಜ್ಜೆ ಕೇಳಿದರೆ ಹಗಲು ಅಲ್ಲಿ ಮಲಗುವ ಪುನುಗು ಬೆಕ್ಕು ಬೇಟೆಗೆ ಹೊರಟು ಮರಳಿದ್ದಿರಬಹುದು. ಬೈನೆ ಹಣ್ಣಿನ ಕಾಲದಲ್ಲಿ ಅದರ ಹಿಕ್ಕೆಯ ತುಂಬಾ ಬೀಜಗಳಿರುತ್ತವೆ. ರಾತ್ರಿಯಿಡೀ ಗೋಡೆಯಂಚಿನಲ್ಲಿ ಓಡಾಟ ಮತ್ತು ಕಡಿಯುವ ಸದ್ದು ಇಲಿ ಹೆಗ್ಗಣಗಳದು. ವಾರಗಟ್ಟಲೆ ಯಾರೋ ಗೊರಕೆ ಹೊಡೆದಂತೆ, ಬುಸುಗುಟ್ಟಿದಂತೆ ಮೇಲಿನಿಂದ ಕೇಳಿಸಿದರೆ ಅಲ್ಲಿ ಕಣಜ ಗೂಬೆಯ ಮರಿಗಳು ತಾಯಿಯ ಬಳಿ ಆಹಾರ ಬೇಡುತ್ತಿರಬಹುದು. ಈ ಸದ್ದಿನಷ್ಟು ಹೆದರಿಸುವುದು ಬೇರೊಂದಿಲ್ಲ, ಇದರಷ್ಟು ನಿರುಪದ್ರವಿಯೂ ಇಲ್ಲ. ಆ ಕುಟುಂಬ ತಿನ್ನುವುದು ಹೆಚ್ಚಾಗಿ ಇಲಿಗಳನ್ನೇ. ಅನುಮಾನವಿದ್ದ ಜಾಗದಲ್ಲಿ ಸಂಜೆ ತೆಳುವಾಗಿ ಅಕ್ಕಿಹಿಟ್ಟು ಉದುರಿಸಿ ಬೆಳಿಗ್ಗೆ ಹೆಜ್ಜೆ ನೋಡಬೇಕು: ಪುನುಗು ಬೆಕ್ಕಿಗೆ ನಾಲ್ಕೂ ಪಾದಗಳಲ್ಲಿ ಐದು ಬೆರಳು, ಇಲಿಯ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು. ಪುನುಗು ಬೆಕ್ಕೂ ಗೂಬೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮರಿಗಳು ಬೆಳೆದು ಹೋಗುವವರೆಗೆ ಕಾದು, ಪ್ರಾಣಿ ಹೊರಗಿರುವ ಹೊತ್ತಿನಲ್ಲಿ ಸಂದು ಮುಚ್ಚುವುದೊಂದೇ ಸರಿಯಾದ ದಾರಿ. ಮರಿ ಒಳಗಿರುವಾಗ ಮುಚ್ಚುವುದು ಕ್ರೌರ್ಯ.

ಮರದೊಳಗಿನಿಂದಲೇ ಸಣ್ಣಗೆ ಕಿರಕಿರ ಎಂದು ಬರುವ, ಬಡಿದರೆ ತುಸು ನಿಂತು ಮತ್ತೆ ಶುರುವಾಗುವ ಸದ್ದು ಕೊರೆಹುಳದ್ದು. ಕೆಳಗೆ ಹಿಟ್ಟಿನಂತಹ ಪುಡಿ ಬಿದ್ದಿರುತ್ತದೆ. ಗೆದ್ದಲಿನ ಸೈನಿಕ ಹುಳುಗಳು ಗೂಡು ಅಲುಗಿದಾಗ ತಲೆಯನ್ನು ಮರಕ್ಕೆ ಬಡಿದು ಎಚ್ಚರಿಕೆ ನೀಡುತ್ತವೆ. ಕಿವಿಯನ್ನು ತೊಲೆಗೆ ಹಚ್ಚಿದರೆ ಅದು ಒಣ ಎಲೆ ಅಲುಗಿದಂತೆ ಕೇಳುತ್ತದೆ. ಇವೆರಡನ್ನೂ ಸದ್ದಿನ ತೊಂದರೆ ಎಂದಲ್ಲ, ಮನೆಯ ಬಲದ ಪ್ರಶ್ನೆ ಎಂದು ನೋಡಬೇಕು.

ಮನೆಯಲ್ಲಿ ಒಬ್ಬರಿಗೇ ಕೇಳಿಸುವ ಸದ್ದನ್ನು ಭ್ರಮೆ ಎಂದು ತಳ್ಳಿಹಾಕಬಾರದು. ವಯಸ್ಸಾದಂತೆ ಮೇಲುಸ್ವರ ಕೇಳುವ ಶಕ್ತಿ ಕುಂದುವುದರಿಂದ, ಚಾರ್ಜರಿನ ಕೀರಲು ಸದ್ದು ಮಗುವಿಗೆ ಕೇಳಿ ಅಜ್ಜನಿಗೆ ಕೇಳದಿರುವುದು ಸಹಜ. ಇನ್ನೊಂದೆಡೆ, ಎರಡೂ ಕಿವಿಗೆ ಬೆರಳಿಟ್ಟಾಗಲೂ ಸದ್ದು ತಗ್ಗದೆ ಇನ್ನಷ್ಟು ಸ್ಪಷ್ಟವಾದರೆ, ನೆಂಟರ ಮನೆಗೆ ಹೋದಾಗಲೂ ಹಿಂಬಾಲಿಸಿದರೆ, ಅದು ಕಿವಿಯೊಳಗಿನದು. ಅದು ನಾಡಿ ಬಡಿತಕ್ಕೆ ಸರಿಯಾಗಿ ತಾಳ ಹಾಕುತ್ತಿದ್ದರೆ ತಡಮಾಡದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ಕಾರಣದ ವರ್ಗ ಗೊತ್ತಾದ ಮೇಲೆ ಜಾಗ ಹುಡುಕುವುದು ಸುಲಭ. ಅಡುಗೆಮನೆಯ ಊದುಗೊಳವೆಯ ಒಂದು ತುದಿಯನ್ನು ತೊಲೆಗೋ ಗೋಡೆಗೋ ಒತ್ತಿ ಇನ್ನೊಂದಕ್ಕೆ ಕಿವಿಯಿಟ್ಟು ಒಂದೊಂದೇ ಜಾಗ ಕೇಳುತ್ತಾ ಹೋಗಬಹುದು. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ರೋಗಿಯ ಎದೆಬಡಿತ ಕೇಳಲು ಬಳಸಿದ್ದೂ ಸುತ್ತಿದ ಕಾಗದದ ಕೊಳವೆಯನ್ನೇ. ಎರಡು ಮೊಬೈಲುಗಳಿದ್ದರೆ ಮನೆಯ ಎರಡು ತುದಿಗಳಲ್ಲಿಟ್ಟು, ಧ್ವನಿಮುದ್ರಣದ ಶುರುವಿನಲ್ಲಿಯೂ ಕೊನೆಯಲ್ಲಿಯೂ ಎರಡರ ನಟ್ಟನಡುವೆ ನಿಂತು ಜೋರಾಗಿ ಒಮ್ಮೆ ಚಪ್ಪಾಳೆ ತಟ್ಟಬೇಕು. ಚಪ್ಪಾಳೆಯನ್ನು ಆಧಾರವಾಗಿಟ್ಟು ಎರಡನ್ನೂ ಹೊಂದಿಸಿದರೆ ಸದ್ದು ಯಾವುದನ್ನು ಮೊದಲು ತಲುಪಿತೆಂದು ಕಾಣುತ್ತದೆ. ಗಾಳಿಯಲ್ಲಿ ಹತ್ತು ಮೀಟರಿಗೆ ಸುಮಾರು 29 ಮಿಲಿಸೆಕೆಂಡಿನ ವ್ಯತ್ಯಾಸ ಬರುತ್ತದೆ, ಅದು ಅಲೆಯ ಚಿತ್ರದಲ್ಲಿ ಕಣ್ಣಿಗೆ ತೋರುವಷ್ಟು ದೊಡ್ಡದು.

ಆದರೆ ಕೆಲವು ಸದ್ದುಗಳಿಗೆ ಪುಸ್ತಕ ಬರೆಯುತ್ತಾ ಕೂರುವಂತಿಲ್ಲ. ಸ್ವಿಚ್‌ಬೋರ್ಡಿನಿಂದ ಚಿಟಿಚಿಟಿ ಎನ್ನುವ ಸದ್ದು, ಅದರಲ್ಲೂ ಸುಟ್ಟ ವಾಸನೆಯೊಡನೆ ಬಂದರೆ ಕೂಡಲೇ ಮೇನ್ ಆರಿಸಬೇಕು. ಗ್ಯಾಸ್ ಸಿಲಿಂಡರಿನ ಬಳಿ ಬುಸ್ಸೆನ್ನುವ ಸದ್ದಿದ್ದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬರಬೇಕು. ಜೋರು ಮಳೆಯಲ್ಲಿ ಹೆಂಚುಗಳು ನೀರು ಹೀರಿ ಭಾರವಾಗುತ್ತವೆ. ಆಗ ಮಾತ್ರ ಕಿರುಗುಟ್ಟುವ, ದಿನದಿಂದ ದಿನಕ್ಕೆ ಹೆಚ್ಚುವ ತೊಲೆಯ ಸದ್ದಿದ್ದರೆ ಅದರ ಕೆಳಗೆ ಮಲಗುವುದನ್ನು ಬಿಟ್ಟು, ಚಾಕುವಿನ ಮೊನೆಯಿಂದ ಚುಚ್ಚಿ ನೋಡಬೇಕು, ಮೆತ್ತಗಿದ್ದರೆ ಬಡಗಿಯನ್ನು ಕರೆಸಬೇಕು. ಗುಡ್ಡದ ಬುಡದ ಮನೆಗಳವರು ದಿನಗಟ್ಟಲೆ ಮಳೆ ಸುರಿದ ಮೇಲೆ ಮರ ಮುರಿಯುವ, ಬಂಡೆಗೆ ಬಂಡೆ ತಾಗುವ, ನೆಲದೊಳಗೆ ಗುಡುಗಿದಂತಹ ಸದ್ದು ಕೇಳಿದರೆ ಅಥವಾ ಹಳ್ಳದ ಮೊರೆತ ಥಟ್ಟನೆ ಬದಲಾದರೆ ಮೂಲ ಹುಡುಕಲು ಹೋಗದೆ ಮನೆ ಬಿಟ್ಟು ಸುರಕ್ಷಿತ ಜಾಗ ಸೇರಬೇಕು. ಅವು ಗುಡ್ಡ ಜಾರುವ ಸೂಚನೆಗಳು.

ಉಳಿದವುಗಳಿಗೆ ಪರಿಹಾರ ದುಬಾರಿಯಲ್ಲ. ಶೀಟಿನ ಸ್ಕ್ರೂ ತೂತುಗಳನ್ನು ತುಸು ಅಗಲಿಸಿ ರಬ್ಬರ್ ವಾಷರ್ ಹಾಕಿಸುವುದು, ಶೀಟಿಗೂ ಅದರ ಕೆಳಗಿನ ಆಧಾರದ ಪಟ್ಟಿಗೂ ನಡುವೆ ರಬ್ಬರಿನ ಪಟ್ಟಿ ಕೊಡುವುದು, ಕೊಳವೆಗೆ ಕ್ಲಾಂಪು, ಟ್ಯಾಂಕಿಗೆ ಹೊಸ ವಾಷರು. ಇವನ್ನೆಲ್ಲ ಒಂದೇ ದಿನ ಮಾಡಿಸಬಾರದು. ಒಂದು ಬದಲಾವಣೆ ಮಾಡಿ, ಸದ್ದು ಕೇಳಿ, ಆಮೇಲೆ ಇನ್ನೊಂದು. ಹವೆಯನ್ನು ಅವಲಂಬಿಸಿದ ಸದ್ದಾಗಿದ್ದರೆ ದುರಸ್ತಿಯ ಮರುರಾತ್ರಿಯ ಮೌನವನ್ನು ನಂಬುವಂತಿಲ್ಲ, ಅಂದು ಮೋಡವಿದ್ದಿರಬಹುದು. ಪುಸ್ತಕದಲ್ಲಿ ಸದ್ದು ಅತಿ ಹೆಚ್ಚು ದಾಖಲಾಗಿರುವ ಬಗೆಯ ಶುಭ್ರವಾದ ಚಳಿರಾತ್ರಿ ಬರುವವರೆಗೆ ಕಾದು, ಅಂದು ಅದೇ ಹೊತ್ತಿನಲ್ಲಿ ಕೇಳಿ ನೋಡಬೇಕು.